ಪಾಸ್ಟರು ಕಂಡ ಹಸಿರು ಕೊಂಬೆ

ಕಡಬದ ರಾಹೇಲಮ್ಮನಿಗೆ ಆಡು ಮೇಯಿಸುವುದು ಕಸುಬು, ಚರ್ಚು ಗುಡಿಸುವುದು ಪುಕ್ಕಟೆ ಚಾಕರಿ. ಇಪ್ಪತ್ತು ವರ್ಷದಿಂದ ಗುಡಿಸಿದರೂ ಅವಳು ಕೂರುವುದು ಬಾಗಿಲ ಪಕ್ಕದ ಚಾಪೆ ಮೇಲೆ. ಮುಂದಿನ ಕುರ್ಚಿಗಳೆಲ್ಲ ತುಮಕೂರಿನಿಂದ ಬರುವ ಪಾಸ್ಟರ ಕಡೆಯವರಿಗೆ.

ಈ ಬೇಸಿಗೆಯಲ್ಲಿ ಪಾಸ್ಟರಿಗೆ ಪ್ರಕೃತಿಯಲ್ಲಿ ಪಾಠ ಹುಡುಕುವ ಹುಚ್ಚು ಹಿಡಿಯಿತು. ಒಂದು ಭಾನುವಾರ ಸಭೆಯನ್ನೆಲ್ಲ ಕೆರೆ ಏರಿಗೆ ಕರೆದುಕೊಂಡು ಹೋದರು. ಅಲ್ಲಿ ಅರ್ಧ ಒಣಗಿದ ಹಳೇ ಮಾವಿನ ಮರ. ಒಂದು ಕಡೆ ಮಾತ್ರ ದಟ್ಟ ಹಸಿರು, ಕೆಂಪು ಹೂವು.

"ಸಭೆ ಅಂದ್ರೆ ಹೀಗಿರಬೇಕು. ಸುತ್ತ ಎಲ್ಲ ಒಣಗಿದ್ರೂ ಈ ಕೊಂಬೆ ಹೆಂಗೆ ನಳನಳಿಸ್ತಿದೆ ನೋಡಿ" ಎಂದರು.

ಕುರ್ಚಿಯವರೆಲ್ಲ ಆಮೆನ್ ಎಂದರು. ಪೇಟೆಯವರಿಗೆ ಹಸಿರಾಗಿದ್ದದ್ದೆಲ್ಲ ಒಂದೇ.

"ಅದು ಕೊಂಬೆ ಅಲ್ಲ ಅಯ್ನೋರೆ, ಬಂದಳಿಕೆ" ಎಂದಳು ರಾಹೇಲಮ್ಮ. "ಅದಕ್ಕೆ ನೆಲದಲ್ಲಿ ಬೇರಿಲ್ಲ. ಮರದ ರಸ ಕುಡ್ಕೊಂಡೇ ಬದುಕ್ತೈತೆ. ಮರ ಒಣಗಿರೋದೇ ಅದರಿಂದ."

ಪಾಸ್ಟರು ಮುಖ ಗಂಟಿಕ್ಕಿದರು. "ಪ್ರಸಂಗ ನಡೀತಿದೆ, ಸುಮ್ನಿರಮ್ಮ."

ರಾಹೇಲಮ್ಮ ಮುಂದೆ ನಿಂತಿದ್ದ ಕುರ್ಚಿಯವರನ್ನೆಲ್ಲ ಒಮ್ಮೆ ನೋಡಿದಳು.

"ಬುಡಿ, ನೀವಂದದ್ದೇ ಸರಿ. ನಮ್ಮ ಸಭೆ ಹಿಂಗೇ ಐತೆ."