ಬೋಟಿನ ಅಂಕಲ್ ಮತ್ತು ಹಾವಕ್ಕಿಗಳ ಮರ

ಶನಿವಾರ ಬೆಳಿಗ್ಗೆ ಮೆಲ್ಬೋರ್ನಿನ ಹೊರವಲಯದ ಕ್ಲೈಡ್ ನಾರ್ತ್‌ನ ನಮ್ಮ ಬೀದಿಯಲ್ಲಿ ಒಬ್ಬರಲ್ಲ ಒಬ್ಬರು ಹುಲ್ಲು ಕತ್ತರಿಸುತ್ತಿರುತ್ತಾರೆ. ಹೋದ ವಾರ ಎದುರು ಮನೆಯವರು ಹಳೆಯದೊಂದು ಮಷೀನು ಹೊರತೆಗೆದರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವಂಥದು. ಅದರ ನೀಲಿ ಹೊಗೆ ರಸ್ತೆ ದಾಟಿ ನಮ್ಮ ಅಡುಗೆಮನೆಗೆ ಬಂತು. ಹೆಂಡತಿ ಕಿಟಕಿ ಮುಚ್ಚಲು ಹೋದಳು. ಸ್ವಲ್ಪ ಹೊತ್ತು ಇರಲಿ ಅಂದೆ. ಆ ಹೊಗೆಗೆ ಶೇಂಗಾ ಚಟ್ನಿಪುಡಿಯ ವಾಸನೆಯೂ ಸೇರಿದ್ದರೆ ಬೋಟಿನ ಅಂಕಲ್ ಬಂದು ಎದುರಿಗೇ ಕೂತಂತಾಗುತ್ತಿತ್ತು...

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಅಪ್ಪ ದಾವಣಗೆರೆಯ ಮಂಡಿಯಲ್ಲಿ ಹಮಾಲಿ ಮಾಡಿದವರು. ಇದನ್ನು ನಾನು ಎಲ್ಲಿಯೂ ಮುಚ್ಚಿಟ್ಟಿಲ್ಲ, ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಇದೇ ಮೆಲ್ಬೋರ್ನಿನ ಕ್ಲೇಟನ್‌ನ ಬಾಡಿಗೆ ಮನೆಯಲ್ಲಿ ಒಂದು ರೂಮನ್ನು ಇಬ್ಬರು ಹಂಚಿಕೊಂಡು, ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಮಾಸ್ಟರ್ಸ್ ಮುಗಿಸಿದೆ. ಅಪ್ಪ ಮೂಟೆ ಹೊತ್ತರು, ನಾನು ಪೆಟ್ಟಿಗೆ ಹೊತ್ತೆ. ನನ್ನದಕ್ಕೆ ಕೊನೆಯಲ್ಲಿ ಒಂದು ಸರ್ಟಿಫಿಕೇಟ್ ಸಿಕ್ಕಿತು, ಅಷ್ಟೇ ವ್ಯತ್ಯಾಸ. ಮೊದಲ ಕೆಲಸ ಸಿಕ್ಕಿದ್ದು ಸಿಡ್ನಿಯಲ್ಲಿ. ಬ್ಲ್ಯಾಕ್‌ಟೌನ್‌ನಲ್ಲಿ ಅಂಕಲ್ಲರ ಮನೆಯ ಹಿತ್ತಲಿನಲ್ಲಿ ಒಂದು ಗ್ರ್ಯಾನಿ ಫ್ಲ್ಯಾಟ್, ಅಂದರೆ ಒಂದೇ ಕೋಣೆಯ ಪುಟ್ಟ ಮನೆ, ಇತ್ತು. ಅದಕ್ಕೆ ಬಾಡಿಗೆಗೆ ಹೋದೆ.

ಅವರು ಧಾರವಾಡದ ಕಡೆಯವರು. ರೈಲ್ವೆ ಸಿಗ್ನಲ್ ಇಂಜಿನಿಯರ್ ಆಗಿದ್ದರು. ಆಂಟಿ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಆಂಟಿ ಇದ್ದಾಗ ಆ ಮನೆಯಲ್ಲಿ ವಾರವಾರವೂ ಜನ ಊಟಕ್ಕೆ ಸೇರುತ್ತಿದ್ದರಂತೆ. ಅವರು ಹೋದ ಮೇಲೆ ಜನ ಬರುವುದು ನಿಂತಿತು. ಒಬ್ಬ ಗಂಡಸು ಎಷ್ಟೇ ಕರೆದರೂ ಸಂಸಾರಸ್ಥರು ಊಟಕ್ಕೆ ಬರಲು ಹಿಂದೆಮುಂದೆ ನೋಡುತ್ತಾರೆ. ಹಾಗಾಗಿ ಅವರು ಹಳೆಯ ಬೋಟೊಂದನ್ನು ಕೊಂಡರು, ಅದರ ಇಂಜಿನ್ನಿನದೂ ಅದೇ ನೀಲಿ ಹೊಗೆ. ನದಿಗೆ ಕರೆದರೆ ಯಾರೂ ಇಲ್ಲ ಅನ್ನಲಿಲ್ಲ. ಭಾನುವಾರ ಬೆಳಿಗ್ಗೆ ಹಾಕ್ಸ್‌ಬರಿ ನದಿಯ ಮೇಲೆ ಹಕ್ಕಿ, ಮಧ್ಯಾಹ್ನ ಅವರ ಮನೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿಯ ಊಟ. ಹಕ್ಕಿಯ ನೆಪದಲ್ಲಿ ಮನೆ ಮತ್ತೆ ತುಂಬತೊಡಗಿತ್ತು.

ಊಟಕ್ಕೆ ಕೂತವರ ಪಕ್ಕ ಸೌಟು ಹಿಡಿದು ನಿಲ್ಲುವುದು ಅವರ ರೂಢಿ. ಬೇಡ ಎಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುತ್ತಿದ್ದರು. ನಾಚಿಕೊಳ್ಳಬೇಡಿ, ನಿಮ್ಮ ವಯಸ್ಸಿನಲ್ಲಿ ನಾವು ಕಲ್ಲು ಅರಗಿಸುತ್ತಿದ್ದೆವು ಎಂದು ಛೇಡಿಸುತ್ತಿದ್ದರು. ನದಿಯ ಮೇಲೂ ಅವರದು ಅದೇ ಕೈ. ದೂರದಲ್ಲಿ ಹೆಜ್ಜಾರ್ಲೆ ಕಂಡಿತು ಎಂದು ನಾವು ಖುಷಿಪಟ್ಟರೆ ಅವರಿಗೆ ಸಮಾಧಾನವಿರಲಿಲ್ಲ.

"ಇಷ್ಟ ನೋಡಿದ್ರ ನೋಡಿದಂಗ ಆಕ್ಕೇತೇನು? ತಡೀರಿ, ಇನ್ನೊಂಚೂರು ಸನೇಕ ಹೋಗೂಣು," ಅನ್ನುತ್ತಿದ್ದರು.

ಅತಿಥಿ ಅರೆಹೊಟ್ಟೆಯಲ್ಲಿ ಏಳಬಾರದು, ಅರೆಗಣ್ಣಿನಲ್ಲೂ ಹೋಗಬಾರದು. ಹಕ್ಕಿಯ ಕಣ್ಣಿನ ಬಣ್ಣ ಕಾಣುವಷ್ಟು ಹತ್ತಿರ ಒಯ್ಯುತ್ತಾರೆ ಎಂದು ನಮ್ಮವರಲ್ಲಿ ಅವರಿಗೆ ಹೆಸರಿತ್ತು. ಆ ಹೆಸರು ಅವರಿಗೆ ಬೇಕಾಗಿಯೂ ಇತ್ತು.

ನದಿಯ ಒಂದು ತಿರುವಿನಲ್ಲಿ ನೀರಿನ ಮೇಲೆ ಬಾಗಿದ ಮರವಿತ್ತು. ವಸಂತ ಬಂದರೆ ಅದರ ತುಂಬ ಹಾವಕ್ಕಿಗಳು ಗೂಡು ಕಟ್ಟುತ್ತಿದ್ದವು. ನೀರುಕಾಗೆಯಂಥ ಮೈ, ಹಾವಿನಂಥ ಕುತ್ತಿಗೆ. ಆ ಮರ ಅಂಕಲ್ಲರ ಊಟದಲ್ಲಿ ಹೋಳಿಗೆ ಇದ್ದ ಹಾಗೆ, ಕೊನೆಗೆ ಬರುತ್ತಿತ್ತು. ಬೋಟನ್ನು ಕೊಂಬೆಯ ಕೆಳಕ್ಕೇ ತರುತ್ತಿದ್ದರು. ಹಕ್ಕಿಗಳು ಒಂದರ ಹಿಂದೆ ಒಂದು ಗೂಡು ಬಿಟ್ಟು ಏಳುತ್ತಿದ್ದವು, ಆಕಾಶವೆಲ್ಲ ಕಪ್ಪು ರೆಕ್ಕೆ. ಆಗ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು.

ಅಂಥದೊಂದು ಭಾನುವಾರ ಬೆಂಗಳೂರಿನ ಎರಡು ಕುಟುಂಬಗಳು ಬಂದಿದ್ದವು. ಬೋಟು ಮರದ ಕೆಳಗೆ ಹೋಯಿತು, ಹಕ್ಕಿಗಳು ಎದ್ದವು, ಎಲ್ಲರ ಫೋನೂ ಆಕಾಶದ ಕಡೆಗೆ ತಿರುಗಿತು. ಅಂಕಲ್ ಮಾತ್ರ ಮರವನ್ನೇ ನೋಡುತ್ತಿದ್ದರು. ಅವರ ಮುಖ ನೋಡಿ ನಾನೂ ಆ ಕಡೆ ನೋಡಿದೆ. ಪಕ್ಕದ ನೀಲಗಿರಿ ಮರದಿಂದ ಎರಡು ದೊಡ್ಡ ಕಾಗೆಗಳು ಇಳಿದು ಬಂದವು. ಇಲ್ಲಿನ ಕಾಗೆಗಳು, ರಚ್ಚೆ ಹಿಡಿದ ಕೂಸಿನ ಹಾಗೆ ರಾಗ ಎಳೆಯುವಂಥವು. ಅವತ್ತು ಸದ್ದು ಮಾಡಲಿಲ್ಲ. ಒಂದು ನೇರ ಗೂಡಿಗೆ ಹೋಗಿ ಮೊಟ್ಟೆ ಕಚ್ಚಿಕೊಂಡಿತು. ಇನ್ನೊಂದು ಪಕ್ಕದ ಗೂಡಿಗೆ ಹೋಯಿತು. ಆತುರವೇನೂ ಇರಲಿಲ್ಲ. ಮೇಲೆ ಹಾವಕ್ಕಿಗಳು ಸುತ್ತುತ್ತಲೇ ಇದ್ದವು, ನಾವು ಕೆಳಗಿರುವವರೆಗೆ ಇಳಿಯುವ ಹಾಗಿರಲಿಲ್ಲ.

ಅಂಕಲ್ ಬೋಟು ತಿರುಗಿಸಿದರು. ಇಷ್ಟು ಬೇಗ ಯಾಕೆ ಎಂದು ಯಾರೋ ಕೇಳಿದ್ದಕ್ಕೆ ಊಟಕ್ಕೆ ಹೊತ್ತಾಯಿತು ಅಂದರು. ದಡದಲ್ಲಿ ಹಗ್ಗ ಕಟ್ಟುವಾಗ ನನ್ನ ಹತ್ತಿರ ಮಾತ್ರ ಬಾಯಿ ಬಿಟ್ಟರು.

"ಆ ಕಾಗಿ ನೋಡಿದೇನು, ತಮ್ಮಾ? ಪ್ರತಿ ಸಲ ಅಲ್ಲೇ ಕುಂತಿರತಾವ. ನಮ್ಮ ಬೋಟಿನ ಸಪ್ಪಳ ಅವುಕ್ಕ ಗೊತ್ತಾಗೇತಿ, ಹಾದಿ ಕಾಯ್ತಾವ. ನಾ ಮಂದಿಗೆ ಹಕ್ಕಿ ತೋರಸಾಕ ಬರ್ತೀನಿ ಅಂತ ತಿಳಕೊಂಡಿದ್ದೆ. ಕಾಗಿಗೋಳಿಗೆ ಎಲಿ ಹಾಕಾಕ ಬರ್ತಿದ್ದೆ ನಾ."

ಮುಂದಿನ ವಾರದಿಂದ ಅವರು ಬೋಟನ್ನು ಆಚೆ ದಡದಲ್ಲೇ ನಿಲ್ಲಿಸತೊಡಗಿದರು. ಇಂಜಿನ್ ಆರಿಸಿ ಬೈನಾಕ್ಯುಲರ್ ಕೈಗೆ ಕೊಡುತ್ತಿದ್ದರು. ಅದು ಒಬ್ಬರಿಂದ ಒಬ್ಬರಿಗೆ ಹೋಗುವಷ್ಟರಲ್ಲಿ ಮಕ್ಕಳಿಗೆ ಬೇಸರ ಬರುತ್ತಿತ್ತು. ಒಬ್ಬ ಹುಡುಗ, ಹೊಸದಾಗಿ ಮದುವೆಯಾದವನು, ನಗುತ್ತಲೇ ಹೇಳಿದ: "ಅಂಕಲ್, ಇಷ್ಟು ದೂರದಿಂದ ನೋಡೋದಾದ್ರೆ ಮನೇಲಿ ಯೂಟ್ಯೂಬ್ ಹಾಕ್ಕೊಂಡು ನೋಡ್ತಿದ್ವಲ್ಲ." ಎಲ್ಲರೂ ನಕ್ಕರು, ಅಂಕಲ್ ಕೂಡ. ಆಮೇಲೆ ಆ ಜೋಡಿ ಬರಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಕಡಿಮೆಯಾದರು. ಜಗಳವಿಲ್ಲ, ಮಾತಿಲ್ಲ. ಬರ್ತ್‌ಡೇ ಪಾರ್ಟಿ, ಮಕ್ಕಳ ಕ್ರಿಕೆಟ್, ಏನೋ ಒಂದು...

ದೂರದಿಂದಲೇ ನೋಡುವುದು ಎಂದು ಮೊದಲೇ ಹೇಳಿ ಕರೆಯಿರಿ, ಬರುವವರು ಬರುತ್ತಾರೆ ಎಂದು ನಾನು ಸಲಹೆ ಕೊಟ್ಟೆ. ಓದಿದವನ ಸಲಹೆ. ಅವರು ಬೋಟಿನ ಒಳಗೆ ನಿಂತ ನೀರನ್ನು ಡಬ್ಬಿಯಿಂದ ಮೊಗೆದು ಚೆಲ್ಲುತ್ತಿದ್ದರು.

"ಮಂದೀನ ಕರದು ದೂರ ನಿಲ್ಲಸಾಕ ನನಗ ಬರೂದಿಲ್ಲ, ತಮ್ಮಾ," ಅಂದರು. "ಬೋಟು ನೀರಿಗಿ ಇಳೀತಂದ್ರ ನನ್ನ ಕೈ ಸುಮ್ನಿರೂದಿಲ್ಲ. ಇವತ್ತಿಲ್ಲ ನಾಳೆ ಸನೇಕ ಹೊಕ್ಕೀನಿ."

ಮರುವರ್ಷದ ವಸಂತಕ್ಕೆ ಬೋಟು ಡ್ರೈವ್‌ವೇನಲ್ಲಿ ಟಾರ್ಪಾಲಿನ್ ಕೆಳಗೆ ಇತ್ತು. ಭಾನುವಾರ ಮನೆಯಲ್ಲಿ ಟಿವಿಯ ಸದ್ದು ಮಾತ್ರ. ಹಾವಕ್ಕಿಗಳು ಈ ಸಲ ಬಂದಿವೆಯೇ ಎಂದು ಒಮ್ಮೆ ಕೇಳಿದೆ. ಹೋಗಿ ನೋಡಿದರೆ ಮತ್ತೆ ಅದೇ ಆಯಿತಲ್ಲ ಅಂದರು.

ಪಿಆರ್, ಅಂದರೆ ಇಲ್ಲೇ ಕಾಯಂ ಉಳಿಯುವ ಪರವಾನಗಿ ಬಂತು, ಮೆಲ್ಬೋರ್ನ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ದಿನ ಊಟಕ್ಕೆ ಕರೆದರು. ನಾವಿಬ್ಬರೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು. ಎರಡನೆಯ ಸಲ ಪಲ್ಯ ತಂದಾಗ ರೂಢಿಯಂತೆ ಸಾಕು ಅಂದೆ. ಅವರು ನನ್ನ ಮುಖ ನೋಡಿದರು. ಸೌಟನ್ನು ಪಾತ್ರೆಯಲ್ಲಿಟ್ಟು ಮುಚ್ಚಳ ಮುಚ್ಚಿದರು. ನನಗಿನ್ನೂ ಹಸಿವಿತ್ತು. ಎದ್ದು ಕೈ ತೊಳೆದುಕೊಂಡೆ.

ಅವರು ತೀರಿಕೊಂಡ ಸುದ್ದಿ ನನ್ನ ನಂತರ ಗ್ರ್ಯಾನಿ ಫ್ಲ್ಯಾಟಿಗೆ ಬಂದವನಿಂದ ತಿಳಿಯಿತು, ಎಲ್ಲ ಮುಗಿದ ಎಷ್ಟೋ ದಿನದ ಮೇಲೆ. ಬೋಟನ್ನು ಯಾರೋ ಎಳೆದುಕೊಂಡು ಹೋದರಂತೆ. ಹೋದ ವರ್ಷ ಆಫೀಸಿನ ಕೆಲಸಕ್ಕೆ ಸಿಡ್ನಿಗೆ ಹೋದಾಗ ಬಿಡುವು ಮಾಡಿಕೊಂಡು ಆ ದಡಕ್ಕೆ ಹೋಗಿದ್ದೆ. ವಸಂತವೇ. ಅಲ್ಲಿ ಈಗ ಬಾಡಿಗೆಗೆ ಬೋಟು ಸಿಗುತ್ತದೆ. ದಡದಿಂದ ತಿರುವು ಕಾಣುತ್ತದೆ, ಮರ ಕಾಣುವುದಿಲ್ಲ. ಬೋಟು ತೆಗೆದುಕೊಳ್ಳದೆ ವಾಪಸ್ ಬಂದೆ.

ಎದುರು ಮನೆಯ ಮಷೀನು ನಿಂತಿತು. ಹೆಂಡತಿ ಕಿಟಕಿ ಮುಚ್ಚಿದಳು, ಹೊಗೆ ಹೋಯಿತು. ಮಧ್ಯಾಹ್ನ ಮಗಳ ತಟ್ಟೆಗೆ ಇನ್ನೊಂದು ಸೌಟು ಹಾಕಲು ಹೋದೆ. ಅವಳು ತಲೆ ಎತ್ತದೆ "ಇನಫ್, ಅಪ್ಪಾ" ಅಂದಳು. ಅವಳಿಗೆ ನಿಜಕ್ಕೂ ಸಾಕಾಗಿತ್ತು. ಸೌಟನ್ನು ಪಾತ್ರೆಯಲ್ಲಿಟ್ಟೆ. ಸಾಕು ಅಂದರೂ ಕೇಳದೆ ಬಡಿಸುವವರು ಈ ದೇಶದಲ್ಲಿ ನನಗೆ ಒಬ್ಬರಿದ್ದರು. ಆ ಕಾಗೆಗಳನ್ನು ಕಂಡ ಮೇಲೆ ಅವರು ಹಾಗೆ ಬಡಿಸುವುದನ್ನು ಬಿಟ್ಟಿದ್ದು ಸರಿಯಾಗಿಯೇ ಇತ್ತು, ನನ್ನ ಹಸಿವು ಮಾತ್ರ ಉಳಿಯಿತು...