ಓಪಲ್ ಹೇಳಿದ್ದು, ಕೊರಿನ್ ಬರೆದದ್ದು

ಹಾಲಿವುಡ್‌ನ ನಮ್ಮ ಸ್ಟುಡಿಯೋದಲ್ಲಿ ಕ್ಯಾಮೆರಾ ಮುಂದೆ ನಿಲ್ಲುವ ಹೆಂಗಸರಿಗೆಲ್ಲ ಬೆಳಗಾಗುತ್ತಿದ್ದುದು ನಮ್ಮ ಕೇಶಾಲಂಕಾರದ ಕೋಣೆಯಲ್ಲಿ. ಐದು ಗಂಟೆಗೆ ಅದರ ಬೀಗ ತೆಗೆಯುತ್ತಿದ್ದವಳು ಓಪಲ್ ಹೆಂಡರ್ಶಾಟ್. ನಾನು ವಿಗ್ ಹೆಣೆಯುವವಳು, ಎಲ್ವಿರಾ. ಕಿಟಕಿ ಪಕ್ಕದ ಮೇಜು ನನ್ನದು. ಕನ್ನಡಿಗಳ ಸಾಲಿನಲ್ಲಿ ಮೂರನೇ ಕುರ್ಚಿಯ ಹಿಂದಿನ ಜಾಗ ಓಪಲ್‌ಳದು. ಇಪ್ಪತ್ತಮೂರು ವರ್ಷ ಅವಳು ಅಲ್ಲಿಂದ ಕದಲಲಿಲ್ಲ. ಎತ್ತರದ ಬಡಕಲು ಹೆಂಗಸು. ಬಾಯಲ್ಲಿ ಯಾವಾಗಲೂ ನಾಲ್ಕು ಹೇರ್‌ಪಿನ್ ಕಚ್ಚಿಕೊಂಡಿರುತ್ತಿದ್ದಳು, ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಹೊಸಬರಿಗೆ ಅವಳ ಅರ್ಧ ಮಾತು ತಿಳಿಯುತ್ತಿರಲಿಲ್ಲ.

ಕೊರಿನ್ ಆಲ್ಡನ್ ಆ ಕುರ್ಚಿಗೆ ಬಂದು ಕೂತದ್ದು ಸಾವಿರದ ಒಂಬೈನೂರ ಮೂವತ್ತೇಳನೇ ಇಸವಿಯಲ್ಲಿ. ಆಗ ಅವಳಿಗೆ ಇಪ್ಪತ್ತು. ಇಂಡಿಯಾನಾದ ಹಲ್ಲಿನ ಡಾಕ್ಟರೊಬ್ಬರ ಒಬ್ಬಳೇ ಮಗಳು, ಚೆಂದದ ಹುಡುಗಿ. ಆದರೆ ಆ ಊರಿನಲ್ಲಿ ಚೆಂದದ ಹುಡುಗಿಯರಿಗೇನು ಬರವೇ? ಎರಡು ವರ್ಷ ಬಾಗಿಲು ತೆರೆಯುವ, ಟ್ರೇ ಹಿಡಿದು ಬರುವ ಪಾತ್ರಗಳನ್ನೇ ಮಾಡಿದಳು. ಅಳುವ ದೃಶ್ಯ ಬಂದರೆ ಕಣ್ಣಿಗೆ ಔಷಧಿ ಹಾಕಬೇಕಾಗುತ್ತಿತ್ತು. ಒಂದು ದಿನ ನಿರ್ದೇಶಕ ಎಲ್ಲರೆದುರಿಗೆ, "ನಿಂಗೆ ಯಾರೂ ಸತ್ತೇ ಇಲ್ವೇನಮ್ಮಾ?" ಎಂದು ಕೇಳಿದನಂತೆ. ಮರುದಿನ ಬೆಳಿಗ್ಗೆ ಅದನ್ನು ಹೇಳಿಕೊಂಡು ಕುರ್ಚಿಯಲ್ಲಿ ಮುಖ ಮುಚ್ಚಿಕೊಂಡಳು.

"ನಿಜವಾಗ್ಲೂ ಯಾರೂ ಸತ್ತಿಲ್ಲ ಓಪಲ್. ನಮ್ಮಜ್ಜಿ ಕೂಡ ಗಟ್ಟಿಮುಟ್ಟಾಗಿದಾಳೆ."

ಓಪಲ್‌ಗೆ ನಗು ಬಂತು. ಆಮೇಲೆ ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಪಿನ್ನಿಲ್ಲದೆ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವಳು ಹುಟ್ಟಿದ್ದು ಓಕ್ಲಹೋಮಾದ ಸೀಸದ ಗಣಿಯ ಊರಿನಲ್ಲಿ. ಅಪ್ಪ ಗಣಿಯ ಧೂಳು ಕುಡಿದು ಕುಡಿದು, ಕೆಮ್ಮಿ ಕೆಮ್ಮಿ ಸತ್ತ. ಅಮ್ಮ ಹ್ಯಾಟಿ ಊರವರ ಬಟ್ಟೆ ಒಗೆದು ಮಕ್ಕಳಿಬ್ಬರನ್ನು ಸಾಕಿದಳು. ಓಪಲ್‌ಗೆ ಹನ್ನೊಂದು ತುಂಬಿದ ಚಳಿಗಾಲದಲ್ಲಿ ಐದು ವರ್ಷದ ತಮ್ಮ ವರ್ಜಿಲ್‌ಗೆ ಗಂಟಲಮಾರಿ ಬಂತು. ಅಮ್ಮನೂ ಅದೇ ಜ್ವರದಲ್ಲಿ ಏಳಲಾರದೆ ಬಿದ್ದಿದ್ದಳು. ಬಟ್ಟೆ ಸಾಗಿಸುವ ಕೈಗಾಡಿಯಲ್ಲಿ ತಮ್ಮನನ್ನು ಮಲಗಿಸಿ, ಇದ್ದಬದ್ದ ಕಂಬಳಿ ಹೊದಿಸಿ, ಓಪಲ್ ಏಳು ಮೈಲಿ ಆಚೆಯ ಡಾಕ್ಟರ ಮನೆಗೆ ಎಳೆದುಕೊಂಡು ಹೊರಟಳು. ಹಿಮ ಬೀಳುತ್ತಿತ್ತು. ಅರ್ಧ ದಾರಿಯಲ್ಲಿ ಕೈಬೆರಳು ಮರಗಟ್ಟಿ ಗಾಡಿಯ ಹಿಡಿ ಜಾರತೊಡಗಿತು. ರೈಲು ಹಳಿ ಕಾಯುವ ಗ್ರೈಮ್ಸ್ ಮುದುಕನ ಗುಡಿಸಲಲ್ಲಿ ಬೆಂಕಿ ಕಂಡಿತು. ತಮ್ಮನನ್ನೂ ಒಳಗೆ ಹೊತ್ತು ತಂದು ಬೆಂಕಿಯ ಮುಂದೆ ಕೂತಳು. ಕೂತವಳಿಗೆ ಏಳಲು ಮನಸ್ಸಾಗಲಿಲ್ಲ. ಡಾಕ್ಟರ ಮನೆಯ ಬೇಲಿ ಕಾಣುವ ಹೊತ್ತಿಗೆ ಹುಡುಗನ ಉಸಿರು ನಿಂತಿತ್ತು. ಡಾಕ್ಟರು ಕಂಬಳಿ ಸರಿಸಿ ನೋಡಿ, "ಅರ್ಧ ಗಂಟೆ ಮುಂಚೆ ತಂದಿದ್ರೆ ಆಗ್ತಿತ್ತೇನೋ ಮಗು" ಎಂದರು.

"ನಾನು ಬೆಂಕಿ ಮುಂದೆ ಕೂತಿದ್ದೂ ಅರ್ಧ ಗಂಟೇನೇ," ಎಂದಳು ಓಪಲ್. "ಅಮ್ಮಂಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ."

ಕೊರಿನ್ ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಕೂತಿದ್ದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ಔಷಧಿಯಿಲ್ಲದೆ.

ಮಗುವನ್ನು ಕಳೆದುಕೊಂಡ ರೈತನ ಹೆಂಡತಿಯ ಪಾತ್ರವನ್ನು ಕೊರಿನ್ ಮಾಡಿದ್ದು ಅದೇ ತಿಂಗಳು. ಲೈಟು ಹಿಡಿಯುವವರು ಕೂಡ ಮೂಗು ಒರೆಸಿಕೊಂಡರು. ಮುಂದಿನ ವರ್ಷ ಅವಳಿಗೆ ದೊಡ್ಡ ಪ್ರಶಸ್ತಿ ಬಂತು, ಅಲ್ಲಿಂದಾಚೆಗೆ ಹಿಂತಿರುಗಿ ನೋಡಲಿಲ್ಲ. ಓಪಲ್‌ಗೆ ಇದರಿಂದ ಬೇಜಾರಾಗಿತ್ತೆಂದು ತಿಳಿಯಬೇಡಿ. ಹೆಮ್ಮೆಯೇ ಆಗಿತ್ತು. "ನಮ್ಮ ವರ್ಜಿಲ್ ಒಂದು ಕೆಲಸಕ್ಕೆ ಬಂದ ನೋಡೇ ವೀರಾ," ಎಂದಿದ್ದಳು ನನಗೆ. ಕೊರಿನ್ ಬೇರೆ ಯಾರ ಕೈಗೂ ತಲೆ ಕೊಡುತ್ತಿರಲಿಲ್ಲ. ಹುಟ್ಟುಹಬ್ಬಕ್ಕೆ ಓಪಲ್‌ಳನ್ನು ಮನೆಗೆ ಕರೆದು ತನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು. ನೆರೆದ ದೊಡ್ಡವರಿಗೆಲ್ಲ, "ಇವಳು ನನ್ನಕ್ಕ" ಎನ್ನುತ್ತಿದ್ದಳು.

ಮೊದಲ ಪೆಟ್ಟು ಬಿದ್ದದ್ದು ಒಂದು ಸಿನಿಮಾ ಪತ್ರಿಕೆಯಿಂದ. "ಗಣಿಯ ಧೂಳಿನಿಂದ ಎದ್ದ ತಾರೆ" ಎಂದು ತಲೆಬರಹ. ಕೊರಿನ್ ಆಲ್ಡನ್‌ಳ ತಂದೆ ಗಣಿ ಕೆಲಸಗಾರ, ಕೆಮ್ಮಿ ತೀರಿಕೊಂಡ. ತಾಯಿ ಬಟ್ಟೆ ಒಗೆದು ಸಾಕಿದಳು ಎಂದು ಎರಡು ಪುಟ ಬರೆದಿದ್ದರು. ಓಪಲ್ ಪತ್ರಿಕೆಯನ್ನು ಕನ್ನಡಿಯ ಕೆಳಗೆ ಬಿಚ್ಚಿಟ್ಟು ಕಾದಳು. ಕೊರಿನ್ ಬಂದು ನೋಡಿ ಕೆಂಪಗಾದಳು.

"ನಾನಲ್ಲ ಓಪಲ್, ಪ್ರಚಾರದ ಆಫೀಸಿನ ಫೆನ್ವಿಕ್ ಬರೆಸಿದ್ದು. ಹಲ್ಲು ಡಾಕ್ಟರ ಮಗಳ ಕಥೆ ಯಾರಿಗೆ ಬೇಕು ಅಂತಾನೆ. ಏನಾದ್ರೂ ಕಷ್ಟ ಇದ್ರೆ ಹೇಳಿ ಅಂತ ಪೀಡಿಸ್ದ, ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ."

"ನಿಮ್ಮಪ್ಪ ಏನಂದ್ರು, ಮಿಸ್ ಆಲ್ಡನ್? ಅವರನ್ನ ಸಾಯಿಸಿಬಿಟ್ಟಿದ್ದೀರಲ್ಲ."

"ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರೆಲ್ಲ 'ನೀವಿನ್ನೂ ಇದ್ದೀರಾ ಡಾಕ್ಟ್ರೇ' ಅಂತ ತಮಾಷೆ ಮಾಡ್ತಾರಂತೆ. ಫೋನಲ್ಲಿ ಅಪ್ಪ ನನ್ನ ಹತ್ರ ಮಾತೇ ಆಡ್ಲಿಲ್ಲ." ಅವಳು ಓಪಲ್‌ಳ ಕೈ ಹಿಡಿದುಕೊಂಡಳು. "ತಪ್ಪಾಯ್ತು. ಆದ್ರೆ ಆ ಹುಡುಗನ ವಿಷಯ ಹೇಳಿಲ್ಲ, ನೋಡು. ಯಾವತ್ತೂ ಹೇಳಲ್ಲ. ವರ್ಜಿಲ್ ಅನ್ನೋ ಹೆಸರು ನನ್ನ ಬಾಯಲ್ಲಿ ಬರಲ್ಲ, ಆಣೆ."

ಓಪಲ್ ನಂಬಿದಳು. ಸ್ಟುಡಿಯೋದಲ್ಲಿ ಎಲ್ಲರಿಗೂ ಒಂದೊಂದು ಸುಳ್ಳು ಹುಟ್ಟೂರು ಇದ್ದೇ ಇತ್ತು, ಇದೂ ಹಾಗೇ ಎಂದು ನಾನೂ ಅವಳಿಗೆ ಹೇಳಿದೆ. ಇವತ್ತಿಗೂ ಆ ಮಾತು ನನ್ನನ್ನು ಚುಚ್ಚುತ್ತದೆ. ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲ ಅವರಿಬ್ಬರ ನಡುವೆ ಆ ವಿಷಯ ಮತ್ತೆ ಬರಲಿಲ್ಲ. ಕೊರಿನ್ ಮೂರು ಮದುವೆಯಾದಳು, ಎರಡು ಮುರಿದುಕೊಂಡಳು. ಒಂದು ಗರ್ಭ ಹೋದಾಗ ನಾಲ್ಕು ದಿನ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು, ಜಡೆ ಹೆಣೆದು ಬಿಚ್ಚಿ, ಬಿಚ್ಚಿ ಹೆಣೆದು ಹೊತ್ತು ಕಳೆದವಳು ಓಪಲ್. ಓಪಲ್ ಮದುವೆಯಾಗಲಿಲ್ಲ. ವರ್ಷಕ್ಕೊಮ್ಮೆ ಬಸ್ಸು ಹತ್ತಿ ಅಮ್ಮನನ್ನು ನೋಡಿ ಬರುತ್ತಿದ್ದಳು.

ಐವತ್ತಾರನೇ ಇಸವಿಯಲ್ಲಿ ಕೊರಿನ್‌ಳ ಆತ್ಮಕಥೆ ಬಂತು. ಪುಸ್ತಕ ಬರುತ್ತದೆಂದು ಓಪಲ್‌ಗೆ ಅವಳು ಹೇಳಿರಲಿಲ್ಲ. ಓಪಲ್ ಅದನ್ನು ಅಂಗಡಿಯ ಗಾಜಿನೊಳಗೆ ಕಂಡು ಕೊಂಡುತಂದಳು. ಮರುದಿನ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ನಾನು ಬಾಯ್ಲ್ ಹೈಟ್ಸ್‌ನ ನಮ್ಮ ಮನೆಯಲ್ಲಿ ಮೆಕ್ಕೆಜೋಳದ ಹಿಟ್ಟು ನಾದುತ್ತಿದ್ದೆ. ಓಪಲ್ ಬಾಗಿಲು ತಟ್ಟದೆ ಒಳಗೆ ಬಂದು ಪುಸ್ತಕ ಮುಂದಿಟ್ಟಳು.

"ನಲವತ್ತೊಂದನೇ ಪುಟ. ಗಟ್ಟಿಯಾಗಿ ಓದೇ. ನಂಗೇ ಹಾಗೆ ಕಾಣ್ತಿದೆಯೋ ಏನೋ."

ಓದಿದೆ. ಎಲ್ಲ ಇತ್ತು. ಕೈಗಾಡಿ, ಕಂಬಳಿ, ಹಿಮ, ಏಳು ಮೈಲಿ. ಹುಡುಗನ ಹೆಸರು ಟೆಡ್ಡಿ. ಆ ಮಟ್ಟಿಗೆ ಕೊರಿನ್ ಆಣೆ ಉಳಿಸಿಕೊಂಡಿದ್ದಳು. ಗಾಡಿ ಎಳೆದವಳು ಕೊರಿನ್. ಅವಳು ಎಲ್ಲೂ ನಿಲ್ಲಲಿಲ್ಲ, ಅಂಗೈ ಕಿತ್ತು ರಕ್ತ ಬಂದರೂ ಎಳೆದಳು. ಗುಡಿಸಲೂ ಬೆಂಕಿಯೂ ಇದ್ದವು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಹುಡುಗಿ ಚಳಿ ಎಂದು ಅಲ್ಲಿ ಹಟ ಹಿಡಿದು ಕೂತುಬಿಟ್ಟಳಂತೆ. ಗ್ರೈಮ್ಸ್ ಎಂಬ ಮುದುಕ ಎಬ್ಬಿಸಿದರೂ ಏಳಲಿಲ್ಲವಂತೆ. "ಆ ಅರ್ಧ ಗಂಟೆ ನನ್ನ ತಮ್ಮನನ್ನು ಕೊಂದಿತು. ಆ ಹುಡುಗಿಯನ್ನು ನಾನು ಕ್ಷಮಿಸಿದ್ದೇನೆ," ಎಂದು ಆ ಅಧ್ಯಾಯ ಮುಗಿದಿತ್ತು.

"ಕ್ಷಮಿಸಿದ್ದಾಳಂತೆ," ಎಂದಳು ಓಪಲ್. ನಗಲು ನೋಡಿದಳು, ಆಗಲಿಲ್ಲ.

ಬುಧವಾರ ಸ್ಟುಡಿಯೋಗೆ ಓಕ್ಲಹೋಮಾದಿಂದ ಫೋನು ಬಂತು. ಹ್ಯಾಟಿಯ ಮನೆಯಲ್ಲಿ ಫೋನಿರಲಿಲ್ಲ, ಔಷಧಿ ಅಂಗಡಿಯಿಂದ ಮಾಡಿದ್ದಳು. ಪುಸ್ತಕದ ಆ ಭಾಗ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಅವರ ಊರಿಗೆ ತಲುಪಿತ್ತು. ನಾನು ಪಕ್ಕದಲ್ಲೇ ಇದ್ದೆ. ಕಿವುಡು ಹತ್ತಿದ ಮುದುಕಿ ಕೂಗಿಕೊಂಡು ಮಾತಾಡುತ್ತಿದ್ದುದರಿಂದ ನನಗೂ ಎಲ್ಲ ಕೇಳಿಸಿತು.

"ಅಮ್ಮಾ, ಬೆಂಕಿ ಹತ್ರ ಕೂತಿದ್ದು... ಅದು ನಾನೇ. ನಿಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

"ಅದು ನಂಗ್ ಗೊತ್ತಿತ್ತು ಕಣೇ. ಮಣ್ಣು ಮಾಡಿದ ದಿನಾನೇ ಗ್ರೈಮ್ಸ್ ಬಂದು ಹೇಳಿ ಹೋದ. ಮೂವತ್ತನಾಲ್ಕು ವರ್ಷ ಆಯ್ತು. ನೀನೇ ಬಂದು ಹೇಳ್ತೀಯ, ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ ಅಂತ ಕಾದೆ. ಆ ಬೊಂಬೆ ಮೂತಿಯೋಳಿಗೆ ಹೇಳಿದ್ಯಲ್ಲೇ! ನಂಗೆ ಹೇಳ್ದೆ ಅವಳಿಗೆ ಹೇಳಿದ್ಯಾ?"

ಮುದುಕಿ ಫೋನು ಇಟ್ಟಳು. ಓಪಲ್ ರಿಸೀವರ್ ಕೆಳಗಿಟ್ಟಳು. ಅಮ್ಮನಿಗೆ ಸೇರಬೇಕಾದ ಮಾತನ್ನು ಪರರಿಗೆ ಕೊಟ್ಟು, ಕೊರಿನ್ ತನಗೆ ಮಾಡಿದ್ದನ್ನೇ ತಾನು ಅಮ್ಮನಿಗೆ ಮಾಡಿದೆ ಎಂದು ಅವಳಿಗೆ ಆ ಗಳಿಗೆಯಲ್ಲಿ ಅನ್ನಿಸಿತಂತೆ. ಅದು ಸರಿಯಲ್ಲ ಎಂದು ನಾನು ಎಷ್ಟು ವಾದಿಸಿದರೂ ಅವಳು ಒಪ್ಪಲಿಲ್ಲ.

ಅವತ್ತು ಮಧ್ಯಾಹ್ನ ಕೊರಿನ್‌ಳ ಮನೆಗೆ ಹೋದಳು; ನನ್ನನ್ನೂ ಎಳೆದುಕೊಂಡು ಹೋದಳು. ಈಜುಕೊಳದ ಪಕ್ಕ ನೆರಳಿನಲ್ಲಿ ಕೊರಿನ್ ಹೊಸ ಸಿನಿಮಾದ ಮಾತು ಬಾಯಿಪಾಠ ಮಾಡುತ್ತಿದ್ದಳು. ನಮ್ಮನ್ನು ಕಂಡು ತುಂಬ ಖುಷಿಯಾದಳು, ಅಷ್ಟು ಖುಷಿಯಾದದ್ದೇ ನನಗೆ ಹೇಸಿಗೆ ತಂದಿತು.

"ನನ್ನ ತಮ್ಮನ್ನ ತಗೊಂಡ್ರಿ, ತಗೊಳ್ಳಿ," ಎಂದಳು ಓಪಲ್. "ಆ ಅರ್ಧ ಗಂಟೆ ಭಾರಾನೂ ನೀವೇ ಹೊತ್ಕೋಬಹುದಿತ್ತಲ್ಲ. ಅದನ್ನ ಮಾತ್ರ ನಂಗೇ ಬಿಟ್ರಾ?"

"ಕೂತ್ಕೋ ಓಪಲ್, ಬಿಸಿಲಲ್ಲಿ ಬಂದಿದ್ದೀಯ."

"ಕೂತ್ಕೊಳ್ಳಲ್ಲ."

ಕೊರಿನ್ ಕಪ್ಪು ಕನ್ನಡಕ ತೆಗೆದಳು. "ಹದಿನೇಳು ವರ್ಷದಿಂದ ಪ್ರತಿ ಸಿನಿಮಾದಲ್ಲೂ ಅಳೋಕೆ ಮುಂಚೆ ನಾನು ಆ ಗಾಡಿ ಎಳೀತೀನಿ. ನನ್ನ ಕೈ ಮರಗಟ್ಟುತ್ತೆ ಓಪಲ್, ನಿಜವಾಗ್ಲೂ. ಬರೆಯೋವಾಗ ಅದು ನಿಂದು ಅಂತ ಅನ್ನಿಸ್ಲೇ ಇಲ್ಲ. ನಾನು ಕೂತೆ ಅಂತ ಹೇಗೆ ಬರೀಲಿ? ಜನ ನನ್ನನ್ನ ಏನಂದ್ಕೋತಾರೆ?"

"ನಾನೂ ಅದಕ್ಕೇ ಯಾರಿಗೂ ಹೇಳಿರ್ಲಿಲ್ಲ," ಎಂದಳು ಓಪಲ್. ಅಷ್ಟು ಹೇಳಿ ಗೇಟಿನ ಕಡೆ ತಿರುಗಿದಳು. ಹಿಂದಿನಿಂದ ಕೊರಿನ್, "ನಾಳೆ ಆರಕ್ಕೆ ಶೂಟಿಂಗ್ ಇದೆ, ಬರ್ತೀಯ ತಾನೇ?" ಎಂದು ಕೇಳಿದಳು. ದೇವರಾಣೆಗೂ ಹಾಗೇ ಕೇಳಿದಳು.

ಓಪಲ್ ಬರಲಿಲ್ಲ. ಬಾಚಣಿಗೆ, ಕತ್ತರಿಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕೆಲಸ ಬಿಟ್ಟಳು. ಸುದ್ದಿ ಹೇಗೋ ಹರಡಿತು. ಗಾಸಿಪ್ ಬರೆಯುವ ಪತ್ರಕರ್ತನೊಬ್ಬ ಇಂಡಿಯಾನಾದ ಹಲ್ಲು ಡಾಕ್ಟರನ್ನು ಪತ್ತೆಹಚ್ಚಿ, ಅಲ್ಲಿಂದ ಓಪಲ್‌ಳ ಬಾಡಿಗೆ ಕೋಣೆಯವರೆಗೆ ಬಂದ. ಒಂದು ಮಾತು ಹೇಳಿದ್ದರೆ ಕೊರಿನ್ ಆಲ್ಡನ್ ಮಣ್ಣುಮುಕ್ಕುತ್ತಿದ್ದಳು. ಓಪಲ್ ಅವನಿಗೆ ಕಾಫಿ ಕೊಟ್ಟು, "ನಂಗೇನೂ ಗೊತ್ತಿಲ್ಲಪ್ಪ, ನಾನು ಕೂದ್ಲು ನೋಡ್ಕೊಳ್ಳೋಳು" ಎಂದು ಕಳಿಸಿದಳು.

ನನಗೆ ಸಿಟ್ಟು ನೆತ್ತಿಗೇರಿತು. "ಅವಳ ಮರ್ಯಾದೆ ಕಾಯೋ ಕರ್ಮ ನಿಂಗ್ಯಾಕೇ?"

"ಅವಳದಲ್ಲ ಮಾರಾಯ್ತಿ. ಹೇಳಿದ್ರೆ ವರ್ಜಿಲ್ ಇನ್ನೊಂದು ಸಲ ಪೇಪರಲ್ಲಿ ಬರ್ತಾನೆ. ಒಂದ್ಸಲ ಬಾಯಿಬಿಟ್ಟು ನೋಡಿದ್ದೀನಲ್ಲ, ಸಾಕು."

ಆ ವಾರವೇ ಬಸ್ಸು ಹತ್ತಿದಳು. ಅಲ್ಲಿ ನಡೆದದ್ದನ್ನು ನನಗೆ ಕಾಗದದಲ್ಲಿ ಬರೆದಳು. ಹ್ಯಾಟಿ ಬಾಗಿಲು ತೆರೆದು ಒಳಗೆ ಬಿಟ್ಟಳು. ಎರಡು ದಿನ ಬೀನ್ಸ್ ಬೇಯಿಸಿ ಬಡಿಸಿದಳು, ಮಾತಾಡಲಿಲ್ಲ. ಮೂರನೆಯ ದಿನ ಅಡುಗೆಮನೆಯ ಮೇಜಿನ ಮುಂದೆ ಆಲೂಗಡ್ಡೆ ಸುಲಿಯುತ್ತ, "ಹೇಳು. ಮೊದಲಿಂದ ಹೇಳು, ನಂಗೂ" ಎಂದಳು.

ಓಪಲ್ ಹೇಳಿದಳು. ಹೇಳಿ ಮುಗಿಯುವವರೆಗೂ ಮುದುಕಿ ತಲೆ ಎತ್ತಲಿಲ್ಲ, ಸುಲಿದ ಆಲೂಗಡ್ಡೆಯನ್ನೇ ಮತ್ತೆ ಸುಲಿಯುತ್ತಿದ್ದಳು. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಬೆಂಕಿ ಹತ್ರ ಅವನಿಗೆ ಬೆಚ್ಚಗಾಯ್ತಾ?"

"ಆಯ್ತಮ್ಮ. ಎರಡೂ ಕೈ ಚಾಚಿಕೊಂಡು ನನ್ನ ತೊಡೆ ಮೇಲೆ ಕೂತಿದ್ದ."

"ಸರಿ ಹಾಗಾದ್ರೆ," ಎಂದಳು ಹ್ಯಾಟಿ. ಎದ್ದು ಒಲೆ ಹಚ್ಚಿದಳು.

ಓಪಲ್ ಅಲ್ಲೇ ಉಳಿದಳು. ಮನೆಯ ಮುಂಗೋಣೆಯಲ್ಲಿ ಒಂದು ಕುರ್ಚಿ, ಒಂದು ಕನ್ನಡಿ ಹಾಕಿಕೊಂಡು ಗಣಿಯವರ ಹೆಂಡಿರಿಗೆ, ವಿಧವೆಯರಿಗೆ ಕೂದಲು ಕತ್ತರಿಸಿದಳು. ತೀರಿಹೋದವರ ತಲೆಯನ್ನೂ ಬಾಚಿ ಕೊಡುತ್ತಿದ್ದಳಂತೆ. ಅದಕ್ಕೆ ಅಕ್ಕಪಕ್ಕದ ಊರಿನವರೂ ಕರೆಯುತ್ತಿದ್ದರು. ಬಂದವರು ಕುರ್ಚಿಯಲ್ಲಿ ಕೂತು ತಮ್ಮ ಕಷ್ಟ ಹೇಳಿಕೊಂಡರೆ ಕೇಳುತ್ತಿದ್ದಳು. ತನ್ನದನ್ನು ಹೇಳುತ್ತಿರಲಿಲ್ಲ.

ಕೊರಿನ್ ಇನ್ನೂ ಒಂಬತ್ತು ಸಿನಿಮಾ ಮಾಡಿದಳು. ಅರವತ್ತೆಂಟನೇ ಇಸವಿಯಲ್ಲಿ, ತನ್ನ ಕೊನೆಯ ಪಾತ್ರದ ಸಮಯದಲ್ಲಿ, ನನ್ನ ಮೇಜಿನ ಬಳಿಗೆ ತಾನೇ ನಡೆದುಬಂದಳು. ಕೂದಲು ತೆಳ್ಳಗಾಗಿತ್ತು. "ಓಪಲ್ ಒಂದ್ಸಲ ಬರ್ತಾಳಾ ಕೇಳ್ತೀರಾ, ಎಲ್ವಿರಾ? ಬೇರೆಯವರ ಕೈ ನಂಗೆ ಒಗ್ಗಲ್ಲ," ಎಂದಳು. ಕಣ್ಣಲ್ಲಿ ನೀರಿತ್ತು. ಅದು ಯಾವ ನೀರೋ ನನಗೆ ತಿಳಿಯಲಿಲ್ಲ. ಅಷ್ಟು ಹೊತ್ತಿಗೆ ಓಪಲ್ ಮನೆಗೆ ಫೋನು ಹಾಕಿಸಿಕೊಂಡಿದ್ದಳು, ಮಾಡಿದೆ.

"ಕೈ ನಡುಗುತ್ತಂತೆ, ಆಗಲ್ವಂತೆ ಅಂತ ಹೇಳ್ಬಿಡೇ," ಎಂದಳು ಓಪಲ್. ಮಾತಿನ ಹಿಂದೆ ಅವಳದೇ ಕತ್ತರಿಯ ಸದ್ದು ಕೇಳುತ್ತಿತ್ತು, ಒಂದೇ ಸಮ.

ಹಾಗೇ ಹೇಳಿದೆ. ಎರಡು ತಿಂಗಳಾದ ಮೇಲೆ ಟೆಲಿವಿಷನ್ನಿನಲ್ಲಿ ಕೊರಿನ್‌ಳ ಸಂದರ್ಶನ ಬಂತು. ತನ್ನ ಬದುಕಿನಲ್ಲಿ ಬಂದ ಒಳ್ಳೆಯವರನ್ನು ನೆನೆಯುತ್ತ, ನಡುಕದ ರೋಗ ಬಂದು ಹಳ್ಳಿಯಲ್ಲಿ ಹಾಸಿಗೆ ಹಿಡಿದ ತನ್ನ ಹಳೆಯ ಗೆಳತಿಯ ಬಗ್ಗೆ ಹೇಳಿದಳು. ಪ್ರತಿ ಚಳಿಗಾಲ ತಾನೇ ಹೋಗಿ ಅವಳ ತಲೆ ಬಾಚುತ್ತೇನೆ ಎಂದಳು. ಎದುರಿಗೆ ಕೂತ ಜನ ಚಪ್ಪಾಳೆ ತಟ್ಟಿದರು.

ನಾನು ಎದ್ದು ಅದನ್ನು ಆರಿಸಿದೆ. ಓಪಲ್‌ಳ ಮನೆಯಲ್ಲಿ ಟೆಲಿವಿಷನ್ ಇರಲಿಲ್ಲ. ಮರುದಿನ ಅದನ್ನೇ ಹೇಳಲೆಂದು ಅವಳಿಗೆ ಕಾಗದ ಬರೆಯಲು ಕೂತವಳು ನನ್ನ ಮೊಮ್ಮಗಳ ನಾಮಕರಣದ ವಿಷಯ ಬರೆದೆ, ಈ ವರ್ಷ ನಿಂಬೆಗಿಡ ಚೆನ್ನಾಗಿ ಬಿಟ್ಟಿದೆ ಎಂದು ಬರೆದೆ, ಲಕೋಟೆಗೆ ಅಂಟು ಹಚ್ಚಿದೆ.