ಮೀನಿಗೆ ಮನೆ ಮಾಡಿಕೊಟ್ಟವರು

ಬೆಕ್ಕು ಕೈ ಹಾಕಬಹುದಿತ್ತು. ಮಗಳು ಬಗ್ಗಿ ನೋಡುತ್ತ ತಲೆಕೆಳಗಾಗಿ ಬೀಳಬಹುದಿತ್ತು. ಮೀನುಗಳೇ ಜಿಗಿದು ಬಚ್ಚಲಿನ ಪಾಲಾಗಬಹುದಿತ್ತು. ರಾಯಚೂರಿನ ಬಿಸಿಲಿಗೆ ನೀರು ಕಾದು ಸಾರಾಗಬಹುದಿತ್ತು. ಇವಿಷ್ಟಕ್ಕೂ ನಾನು ಉಪಾಯ ಮಾಡಿದ್ದೆ: ಹಂಡೆಯ ಬಾಯಿಗೆ ಜರಡಿ, ಜರಡಿಯ ಮೇಲೆ ಕಲ್ಲು, ಸುತ್ತ ಒದ್ದೆ ಗೋಣಿಚೀಲ. ಹಂಡೆ ತಾಮ್ರದ್ದು ಎಂಬುದೊಂದನ್ನು ಬಿಟ್ಟು ಉಳಿದೆಲ್ಲದರ ಚಿಂತೆ ಮಾಡಿದ್ದೆ.

ಅದನ್ನು ಕಂಡವರು ಪಕ್ಕದ ಮನೆಯವರು, ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಫಾರ್ಮಾಲಿನ್ ತಾಗಿ ತಾಗಿ ಅವರ ಬೆರಳ ತುದಿಗಳು ಸುಲಿದು ಬಿಳಿಚಿಕೊಂಡಿದ್ದವು. ಹಾಗಾಗಿ ನೀರಿನ ಬಿಸಿ ನೋಡಲು, ಕೂಸಿಗೆ ಎರೆಯುವ ತಾಯಂದಿರಂತೆ ಮೊಣಕೈ ಅದ್ದುತ್ತಿದ್ದರು. ಅಂದೂ ಅದ್ದಿದರು.

“ಹಂಡೆ ತಾಮ್ರದ್ದಲ್ಲೇನ್ರಿ ಸರ?”

“ಹುಣಸಿಹಣ್ಣು ಹಚ್ಚಿ ನಾನೇ ತಿಕ್ಕೀನ್ರಿ. ಹೆಂಗ ಹೊಳೀತದ ನೋಡ್ರಿ.”

“ಅದಕ್ಕ ಕೇಳಿದೆ. ತಾಮ್ರದ ನೀರು ನಮಗ ಛಲೋ. ಇವಕ್ಕ ವಿಷರೀ.”

ಮದುವೆಯಲ್ಲಿ ಮಾವನವರು ಮಾನ್ವಿಯಿಂದ ಕಳಿಸಿದ ಹಂಡೆ ಅದು. ಮನೆಯಲ್ಲಿ ಅದಕ್ಕಿಂತ ಮರ್ಯಾದಸ್ಥ ಪಾತ್ರೆ ಇರಲಿಲ್ಲ. ಹೆಂಡತಿಯ ಅಣ್ಣ ಶಕ್ತಿನಗರದಿಂದ ವರ್ಗವಾಗಿ ಹೋಗುವಾಗ ಹೇಳದೆ ಕೇಳದೆ ತಂದುಕೊಟ್ಟ ನಾಲ್ಕು ಕೆಂಪು ಮೀನುಗಳನ್ನು ನಾನು ಬೀಗರಂತೆ ಸತ್ಕರಿಸಿದ್ದೆ. ಒಂದು ಸತ್ತಿತು. ವಾಲಿದ್ದ ಇನ್ನೊಂದನ್ನೂ ಉಳಿದೆರಡನ್ನೂ ಪಕ್ಕದ ಮನೆಯವರು ಬಕೆಟ್ಟಿನಲ್ಲಿ ಒಯ್ದು ತಮ್ಮ ಅಂಗಳದ ಸಿಮೆಂಟಿನ ಬಾನಿಗೆ ಬಿಟ್ಟರು. ಮೂರೂ ಬದುಕಿದವು.

ಹಿಂದೆಯೇ ಹೋದ ಮಗಳು ಅಲ್ಲೇ ಉಳಿದಳು. ಶಾಲೆಯಿಂದ ಬಂದವಳು ಪಾಟಿಚೀಲ ನಮ್ಮ ಮನೆಯಲ್ಲಿ ಒಗೆದು, ಜೀವ ಅವರ ಮನೆಯಲ್ಲಿ ಇಡುತ್ತಿದ್ದಳು. ಉಣ್ಣಲು ಬಂದರೂ ಅದೇ ಮಾತು: “ಕಾಕಾಗ ಎಲ್ಲಾ ಗೊತ್ತದ.” ನಾನು ಗುಮಾಸ್ತ, ಅದೂ ಫಸ್ಟ್ ಡಿವಿಜನ್. ಅವರು ಅಟೆಂಡರ್. ನನಗೇನು ಗೊತ್ತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಮೀನು ಮನೆಗೆ ಬಂದರೆ ಮಗಳೂ ಬಂದಾಳೆಂದು ಬಜಾರಿಗೆ ಹೋಗಿ, ಪೆಪ್ಪರಮೆಂಟು ತುಂಬುವ ಎತ್ತರದ ಗಾಜಿನ ಭರಣಿ ಆರಿಸಿ ತಂದೆ. ಅವರು ಅದನ್ನು ಸುತ್ತಲೂ ತಿರುಗಿಸಿ ನೋಡಿದರು. ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

“ಮೀನು ಉದ್ದಕ್ಕ ಅಡ್ಡ್ಯಾಡ್ತಾವ್ರಿ ಸರ, ಮಾಳಗಿ ಹತ್ತಂಗಿಲ್ಲ. ಎತ್ತರ ಬ್ಯಾಡ, ಉದ್ದ ಬೇಕು. ಬಾಯಿ ಅಗಲಿದ್ರ ನೀರಿಗೆ ಗಾಳಿ ಸಿಗ್ತದ.”

ಮರುದಿನವೇ ವೆಲ್ಡಿಂಗಿನವನಿಂದ ಕಬ್ಬಿಣದ ಚೌಕಟ್ಟು ಮಾಡಿಸಿ, ತಾವೇ ಗಾಜು ಕೂರಿಸಿ, ನೀರು ಸೋರದಂತೆ ಸಂದಿಗಳಿಗೆ ಲಪ್ಪ ಮೆತ್ತಿದರು. ಲಪ್ಪದ ವಾಸನೆ ಹೋಗುವ ತನಕ ದಿನಾ ನೀರು ತುಂಬಿ ಚೆಲ್ಲಿದರು. ನಳದ ನೀರನ್ನು ಒಂದು ದಿನ ಇಟ್ಟು, ಬ್ಲೀಚಿಂಗ್ ಘಾಟು ಇಳಿದ ಮೇಲೆಯೇ ಮೀನು ಬಿಟ್ಟು, ತೊಟ್ಟಿಯನ್ನು ನಮ್ಮ ಪಡಸಾಲೆಯಲ್ಲಿ ಇಟ್ಟುಹೋದರು.

ಮಗಳು ಮನೆಗೆ ಬಂದಳು. ಆದರೆ ಸಂಜೆ ಐದಕ್ಕೆ ಅವರೂ ಬರುತ್ತಿದ್ದರು, ನೋಡಿಕೊಂಡು ಹೋಗಲು. ಅವರು ಬಾಗಿಲಲ್ಲಿ ನಿಂತರೆ ಸಾಕು, ಮೂರೂ ಗಾಜಿಗೆ ಮೂತಿ ಹಚ್ಚುತ್ತಿದ್ದವು. ನಾನು ಕಾಳು ಹಾಕಿದರೂ ತೊಟ್ಟಿಯೊಳಗಿನ ಕಲ್ಲಿನ ಹಿಂದೆ ಅಡಗುತ್ತಿದ್ದವು. ಒಂದು ದಿನ ಅವರಂತೆ ಬಿಳಿ ಅಂಗಿ ತೊಟ್ಟು, ಅವರಂತೆ ಕೆಮ್ಮಿ ನಿಂತು ನೋಡಿದೆ.

ಒಳಗಿನಿಂದ ಹೆಂಡತಿ ಕೇಳಿದಳು: “ಮೀನಿನ ಸಲುವಾಗೂ ಹೊಟ್ಟಿಕಿಚ್ಚೇನ್ರಿ?”

ಅವರಿಗೆ ದೇವದುರ್ಗಕ್ಕೆ ವರ್ಗವಾದಾಗ ಅವರ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ಬಿಟ್ಟುಬಂದೆ. ಓಣಿಯವರು ನನ್ನ ಸ್ನೇಹವನ್ನು ಹೊಗಳಿದರು. ಮಗಳು ಅವರಿಗೆ ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದಳು. ಅಂಚೆ ಡಬ್ಬಿಗೆ ಹಾಕುವ ಮೊದಲು ನಾನು ಓದುತ್ತಿದ್ದೆ. ನನ್ನ ಸುದ್ದಿ ಒಮ್ಮೆಯೂ ಇರಲಿಲ್ಲ. ಅವರ ಉತ್ತರದ ಕೊನೆಗೆ ಮಾತ್ರ ಯಾವಾಗಲೂ ಇರುತ್ತಿತ್ತು: “ಅಪ್ಪಾಜಿಯನ್ನು ಕೇಳಿದೆ ಎಂದು ಹೇಳು.”

ಮೂರು ವರ್ಷದ ಮೇಲೆ, ದೇವದುರ್ಗದಿಂದ ಕಚೇರಿಗೆ ಬಂದವರೊಬ್ಬರು, ಅಟೆಂಡರ್ ಆ ಬೆಳಿಗ್ಗೆ ತೀರಿಕೊಂಡರೆಂದು ಹೇಳಿದರು. ಮಧ್ಯಾಹ್ನದ ಬಸ್ಸು ಹಿಡಿದಿದ್ದರೆ ಮಣ್ಣು ಮಾಡುವ ಹೊತ್ತಿಗೆ ಮುಟ್ಟುತ್ತಿದ್ದೆ. ಹಿಡಿಯಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಮಗಳ ಪರೀಕ್ಷೆ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರಿಗಾಗಿ ಆಕೆ ಎಷ್ಟು ಅಳುತ್ತಾಳೋ, ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ನಾಲ್ಕನೇ ದಿನ ಹೇಳಿದೆ. ಆಕೆ ಅಳಲಿಲ್ಲ.

“ಮಣ್ಣಿಗೆ ಹೋಗಿದ್ರೇನು?”

“ಇಲ್ಲವ್ವಾ.”

ತೊಟ್ಟಿಯ ಕಡೆ ತಿರುಗಿದಳು.

“ನೀವು ಸತ್ತಿದ್ರ ಕಾಕಾ ಬರ್ತಿದ್ರು.”

ನಿಜ. ಮೊದಲ ಬಸ್ಸಿಗೇ ಬರುತ್ತಿದ್ದರು.